ಬಿಚ್ಚಿಟ್ಟ ಹದಿನಾರು ಪುಟಗಳು

“ಗುರುಗಳೇ, ಕತ್ತಲೆಯ ಕತೆ ಓದಿದವರ ಮನಸ್ಸೂ ಕತ್ತಲಾಗುವುದಿಲ್ಲವೇ?” ಎಂದು ಅಡವಯ್ಯ ಕೇಳಿದ.

ಆಶ್ರಮದ ವಾಚನಾಲಯ ನೋಡಿಕೊಳ್ಳುವವನು ಅವನು. ಅಡುಗೆಯ ಈರವ್ವ ಗಂಡನನ್ನು ಕಳೆದುಕೊಂಡು ಆರು ತಿಂಗಳಾಗಿತ್ತು. ಅವಳು ನಕ್ಷತ್ರಲೋಕದ ಯುದ್ಧದ ಕಾದಂಬರಿಯೊಂದನ್ನು ಓದುತ್ತ, ಅದರಲ್ಲಿ ಸತ್ತವರಿಗಾಗಿ ಆಶ್ರಮದ ತೋಟದ ಮಾಲಿಯೊಡನೆ ವಾದ ಮಾಡುತ್ತ, ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವತ್ತು ಬೆಳಿಗ್ಗೆ ಅಡವಯ್ಯ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪುಸ್ತಕ ಕಟ್ಟುವವನಿದ್ದ. ಭಾನುವಾರ ಬೆಳಿಗ್ಗೆ ಅವನ ಅಂಗಡಿಯ ಜಗಲಿಯಲ್ಲಿ ಏಳೆಂಟು ಜನ ಸೇರುತ್ತಿದ್ದರು. ಎಲ್ಲರೂ ಒಂದೇ ಹುಚ್ಚಿನವರು. ಆಕಾಶದಲ್ಲಿ ಹಡಗುಗಳು ಕಾದಾಡುವ ಒಂದು ಸಿನಿಮಾ ಬಂದಿತ್ತು. ಆಮೇಲೆ ಅದೇ ಹಡಗು, ಅದೇ ಜನರನ್ನು ಇಟ್ಟುಕೊಂಡು ಹಲವರು ಕಾದಂಬರಿ ಬರೆದರು. ಸಿನಿಮಾ ಗೆಲುವಿಗೇ ಮುಗಿಯುತ್ತಿತ್ತು. ಗೆದ್ದವರು ಮನೆಗೆ ಹೋದ ಮೇಲೆ ಏನಾಯಿತು ಎಂಬುದು ಕಾದಂಬರಿಗಳಲ್ಲಿತ್ತು.

ಪುಸ್ತಕ ಒಂದೇ, ಓದುವವರು ಹಲವರು. ಹಾಗಾಗಿ ಅವರದೊಂದು ಪದ್ಧತಿ ಬೆಳೆದಿತ್ತು. ಓದಿದವರು ತಮ್ಮ ಅನಿಸಿಕೆಯನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಬೇಕು. ಮುಂದಿನವರು ಅದರ ಕೆಳಗೆ ಉತ್ತರ ಬರೆಯಬೇಕು. ಅಂಚು ತುಂಬಿದರೆ ಪುಸ್ತಕ ಕಟ್ಟುವವನು ಹೊಲಿಗೆ ಬಿಚ್ಚಿ, ನಡುವೆ ಖಾಲಿ ಹಾಳೆ ಸೇರಿಸಿ ಮತ್ತೆ ಹೊಲಿಯುತ್ತಿದ್ದ.

ಒಂದು ಕಾದಂಬರಿಯಲ್ಲಿ ಹಡಗಿಗೆ ಬೆಂಕಿ ಬಿದ್ದು, ಕಪ್ತಾನನು ಬಾಗಿಲು ಮುಚ್ಚಿಸಿದ. ಒಳಗಿದ್ದ ಮುನ್ನೂರು ಜನ ಬದುಕಿದರು. ಅವನ ಸ್ವಂತ ತಮ್ಮ ಹೊರಗೆ ಬೆಂಕಿಯಲ್ಲೇ ಉಳಿದ. ಈ ಒಂದು ಬಾಗಿಲಿನ ಮೇಲೆ ಜಗಲಿಯಲ್ಲಿ ಮೂರು ಭಾನುವಾರ ಜಗಳ ನಡೆಯಿತು.

“ಮುನ್ನೂರು ದೊಡ್ಡದೋ, ಒಂದು ದೊಡ್ಡದೋ? ಅವನು ಮಾಡಿದ್ದೇ ಧರ್ಮ” ಎಂದ ನಿವೃತ್ತ ಸ್ಟೇಷನ್ ಮಾಸ್ತರ.

“ನಿಮಗೇನು ಮಾಸ್ತರೇ, ಗಾಡಿ ಹೊತ್ತಿಗೆ ಸರಿಯಾಗಿ ಹೊರಟರೆ ಆಯಿತು, ಪ್ಲಾಟ್‌ಫಾರಮ್ಮಿನಲ್ಲಿ ಯಾರು ಉಳಿದರೂ ಸರಿ” ಎಂದಳು ಒಬ್ಬ ನರ್ಸು. “ಬಾಗಿಲು ಮುಚ್ಚಿದ ಕೈಯಲ್ಲೇ ಅವನು ಮರುದಿನ ಅನ್ನ ಕಲಸಬೇಕಲ್ಲ? ಆ ಮಾತು ಹೇಳಿ.”

ಎಲ್ಲರೂ ನಕ್ಕರು. ಮಾಸ್ತರನೂ ನಕ್ಕ.

ಆ ತಿಂಗಳಲ್ಲೇ ನರ್ಸಿನ ತಮ್ಮ ತೀರಿಕೊಂಡ. ಅವಳೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅವಳು ಜಗಲಿಗೆ ಬರುವುದು ನಿಂತಿತು. ಎರಡು ತಿಂಗಳ ಮೇಲೆ, ಮುಂದಿನ ಕಾದಂಬರಿ ಕೊಡಿ ಎಂದು ಹೇಳಿಕಳಿಸಿದಳು.

ಪುಸ್ತಕ ಕಟ್ಟುವವನು ಅದನ್ನು ಆಗಲೇ ಓದಿದ್ದ. ಅದರಲ್ಲೊಂದು ಅಧ್ಯಾಯವಿತ್ತು. ಕಪ್ತಾನನು ಹನ್ನೊಂದು ದಿನ ಕೋಣೆಯಿಂದ ಹೊರಗೆ ಬರುವುದಿಲ್ಲ. ತಮ್ಮನು ಬಾಗಿಲು ಬಡಿದ ಸದ್ದು ಅವನ ಕಿವಿಯಿಂದ ಹೋಗುವುದಿಲ್ಲ. ಇದನ್ನು ಆಕೆಯ ಕೈಗೆ ಹೇಗೆ ಕೊಡುವುದು? ಅವನು ಜಗಲಿಯವರನ್ನು ಕೇಳಿದ. ಕೊಡಬೇಡ ಎಂದು ಎಲ್ಲರೂ ಹೇಳಿದರು. ಮಾಸ್ತರನೇ ಮೊದಲು ಹೇಳಿದ.

ಅವನು ಹೊಲಿಗೆ ಬಿಚ್ಚಿ ಆ ಹದಿನಾರು ಪುಟಗಳನ್ನು ತೆಗೆದ. ಉಳಿದದ್ದನ್ನು ಹೊಲಿದು, ಪುಟದ ಅಂಕಿಗಳು ಕಾಣದಂತೆ ಕೆಳಗಿನ ಅಂಚನ್ನು ಕತ್ತರಿಸಿ ಸಮ ಮಾಡಿದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಎಂದೂ ಮಾಡಿರಲಿಲ್ಲ. ಒಳ್ಳೆಯದು ಮಾಡಿದೆ ಎಂದು ಅವನ ಮನಸ್ಸು ತಂಪಾಯಿತು.

ವಾರದ ಮೇಲೆ ಪುಸ್ತಕ ಹಿಂದಕ್ಕೆ ಬಂತು. ಅಂಚುಗಳೆಲ್ಲ ಖಾಲಿ. ಕಪ್ತಾನನು ಗೆಳೆಯರೊಡನೆ ಕುಳಿತು ಉಣ್ಣುತ್ತ ನಗುವ ಕಡೆ ಮಾತ್ರ ಎರಡು ಸಾಲು ಬರೆದಿತ್ತು.

‘ನಿನ್ನೆ ತಮ್ಮನನ್ನು ಕಳೆದುಕೊಂಡವನು ಇವತ್ತು ನಗುತ್ತಿದ್ದಾನೆ. ಇವನ ಕೈಲಾದದ್ದು ನನ್ನ ಕೈಲಿ ಏಕೆ ಆಗುತ್ತಿಲ್ಲ?’

ಪುಸ್ತಕ ಕಟ್ಟುವವನು ಆ ಸಾಲುಗಳನ್ನು ಎರಡು ಸಲ ಓದಿದ. ಆಮೇಲೆ ಹದಿನಾರು ಪುಟಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅಂಗಡಿಯ ಬಾಗಿಲನ್ನೂ ಹಾಕದೆ, ಆಕೆಯ ಮನೆಗೆ ನಡೆದ.

“ತಪ್ಪಾಯಿತು ಸಿಸ್ಟರ್. ಅವನು ಮರುದಿನವೇ ನಗಲಿಲ್ಲ. ನಡುವಿನದನ್ನು ನಾನು ತೆಗೆದಿಟ್ಟಿದ್ದೆ.”

ಅವಳು ಬೈಯಲಿಲ್ಲ. ಹೊಸ್ತಿಲ ಮೇಲೆಯೇ ಕುಳಿತು ಓದತೊಡಗಿದಳು. ನಡುನಡುವೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅವನು ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದ. ಅವನ ಕೈಗಳಿಗೆ ಮೊದಲ ಸಲ ಮಾಡಲು ಏನೂ ಕೆಲಸವಿರಲಿಲ್ಲ. ಕೊನೆಯ ಹಾಳೆ ಮುಗಿದ ಮೇಲೆ ಅವಳು ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದುಕೊಂಡು ಅಂಚಿನಲ್ಲಿ ಬರೆದಳು.

‘ಹನ್ನೊಂದು ದಿನ ಸಾಲದು.’

ಮುಂದಿನ ಭಾನುವಾರ ಅವಳು ಜಗಲಿಗೆ ಬಂದಳು. ಅವಳ ಸಾಲಿನ ಕೆಳಗೆ ಸ್ಟೇಷನ್ ಮಾಸ್ತರ ‘ಒಪ್ಪಿದೆ’ ಎಂದು ಬರೆದ. ಅಷ್ಟು ವರ್ಷಗಳಲ್ಲಿ ಅವನು ಹಾಗೆ ಬರೆದದ್ದು ಅದೇ ಮೊದಲು. ಪುಸ್ತಕ ಕಟ್ಟುವವನು ಆ ಪುಟಗಳನ್ನು ಅವುಗಳ ಜಾಗದಲ್ಲೇ ಹೊಲಿದು, ಪಕ್ಕದಲ್ಲಿ ಎರಡು ಖಾಲಿ ಹಾಳೆಗಳನ್ನೂ ಸೇರಿಸಿದ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಸೊಂಟದ ಬೀಗದಕೈಯನ್ನು ಬೆರಳಲ್ಲಿ ತಿರುವುತ್ತ ಕುಳಿತಿದ್ದ.

“ಆದರೂ ಗುರುಗಳೇ, ಈರವ್ವ ಅಳುವುದನ್ನು ನನ್ನಿಂದ ನೋಡಲಾಗಲಿಲ್ಲ” ಎಂದ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು:

“ನೀನು ಪುಸ್ತಕ ತೆಗೆದುಕೊಂಡಾಗ ಅವಳು ಯಾವ ಪುಟದಲ್ಲಿದ್ದಳು, ಅಡವಯ್ಯ?”

ಅಡವಯ್ಯ ಬೀಗದಕೈ ಹಿಡಿದು ಎದ್ದು ಬೀರುವಿನ ಕಡೆಗೆ ನಡೆದ.