ಮಲಗೆದ್ದ ಮಗುವಿಗೆ ಹಸಿವೇಕೆ

ಭೂಮಿಯ ಮೈಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ. ಕಡಲಿಗೆ ಮೀನಿನ ಪರಿಚಯ ಆಗಿರಲಿಲ್ಲ. ಆ ಕಾಲದಲ್ಲಿ ಜೀವ ಎಂದು ಕರೆಯಬಹುದಾದದ್ದು ಒಂದೇ ಒಂದು: ಕಡಲಿನಲ್ಲಿ ತೇಲುತ್ತಿದ್ದ, ಸಾಸಿವೆಕಾಳಿಗಿಂತ ಎಷ್ಟೋ ಚಿಕ್ಕದಾದ ಒಂದು ಹನಿ. ಅವಳ ಹೆಸರು ಹನಿಯವ್ವ.

ಹನಿಯವ್ವನ ಸುತ್ತ ಜಿಡ್ಡಿನ ಗೋಡೆ. ಗೋಡೆ ಎಂದರೆ ಕೋಟೆಗೋಡೆಯೇನಲ್ಲ, ಸಾರಿನ ಮೇಲೆ ತೇಲುವ ಎಣ್ಣೆಯ ಪೊರೆಯಂಥದ್ದು. ಅದರಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡು ಒಬ್ಬ ನಿಂತಿದ್ದ. ಮೈಯೆಲ್ಲ ಮಡಿಕೆ, ನಡು ಬಾಗಿತ್ತು. ಎಲ್ಲರೂ ಅವನನ್ನು ಡೊಂಕಣ್ಣ ಎನ್ನುತ್ತಿದ್ದರು. ಪ್ರೀತಿಯಿಂದಲೇ ಎಂದು ಅವರ ಹೇಳಿಕೆ.

“ನೆಟ್ಟಗೆ ನಿಲ್ಲೋ, ಸಾಲು ಕೆಡುತ್ತೆ,” ಎಂದು ಪಕ್ಕದ ಜಿಡ್ಡಿನ ಕಣಗಳು ಗದರುತ್ತಿದ್ದವು.

“ನಿಲ್ಲೋಕೆ ಬಂದಿದ್ರೆ ನಿಲ್ತಿರಲಿಲ್ವಾ?” ಎನ್ನುತ್ತಿದ್ದ ಡೊಂಕಣ್ಣ.

ಕಡಲಿನಲ್ಲಿ ಎರಡು ಬಗೆಯ ಉಪ್ಪಿನ ಮಕ್ಕಳಿದ್ದರು. ಸಣ್ಣ ಮೈಯ ಕಡಲುಪ್ಪಿನವರು ಎಲ್ಲಿ ನೋಡಿದರೂ ಇದ್ದರು. ದುಂಡು ಮೈಯ ಬಾಳೆಯುಪ್ಪಿನವರು ಅಪರೂಪ. (ಆಗ ಬಾಳೆಗಿಡವೇ ಇರಲಿಲ್ಲ, ನಿಜ. ಮುಂದೆ ಬಾಳೆಹಣ್ಣಿನಲ್ಲಿ ತುಂಬಿಕೊಂಡರೆಂದು ಆ ಹೆಸರು. ಹನಿ ಮಾತಾಡಿತು ಎಂದರೆ ನಂಬುವವರು ಇದನ್ನೂ ನಂಬಬಹುದು.)

ಹನಿಯವ್ವನಿಗೆ ಮನೆಗೆಲಸಕ್ಕೆ ಬೇಕಾಗಿದ್ದವರು ಬಾಳೆಯುಪ್ಪಿನವರು. ಬರುತ್ತಿದ್ದವರು ಕಡಲುಪ್ಪಿನವರು. ಸಂದು ಸಿಕ್ಕಲ್ಲೆಲ್ಲ ನುಸುಳುತ್ತಿದ್ದರು. ಅವರ ಹಿಂದೆಯೇ ನೀರೂ ಬರುತ್ತಿತ್ತು. ಒಂದು ದಿನ ಹನಿಯವ್ವ ಉಬ್ಬತೊಡಗಿದಳು.

“ಡೊಂಕಾ, ಮೈ ಬಿಗೀತಾ ಇದೆ ಕಣೋ. ಇನ್ನಷ್ಟು ನೀರು ಬಂದ್ರೆ ಒಡೆದೇ ಹೋಗ್ತೀನಿ.”

“ಒಡೆದ್ರೆ ಏನಾಯ್ತೇ? ನನ್ನೊಳಗೇ ತಾನೇ ಸೇರ್ತೀಯ,” ಎಂದಳು ಕಡಲಮ್ಮ. ಅವಳು ಕೆಟ್ಟವಳಲ್ಲ. ಒಂದು ಹನಿಗೂ ಇನ್ನೊಂದಕ್ಕೂ ಅವಳಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಅಷ್ಟೆ.

ಡೊಂಕಣ್ಣನಿಗೆ ತಿಳಿಯುತ್ತಿತ್ತು. ಅವನಿಗಿದ್ದವಳು ಒಬ್ಬಳೇ ಅವ್ವ. ಗಾಬರಿಯಲ್ಲಿ ಮೈ ಸೆಟೆಸಿ, ಎಲ್ಲರೂ ಹೇಳುತ್ತಿದ್ದ ಹಾಗೆ, ನೆಟ್ಟಗೆ ನಿಂತೇಬಿಟ್ಟ. ಅವನ ಮೈಯೊಳಗೆ ಆಚೆಯಿಂದ ಈಚೆಗೆ, ಹೊರಗೊಂದು ಒಳಗೊಂದು ಬಾಗಿಲಿನ ಓಣಿಯೇ ತೆರೆದುಕೊಂಡಿತು.

“ಹೋಗಿ! ಎಲ್ಲಾ ಹೊರಗೆ ಹೋಗಿ!” ಎಂದು ಕೂಗಿದ.

ಒಬ್ಬರೂ ಹೋಗಲಿಲ್ಲ. ಹೊರಗಿದ್ದವರೇ ನುಗ್ಗಿ ಬಂದರು.

“ಎರಡೂ ಬಾಗಿಲು ತೆಗೆದ್ಯಾ ಪುಣ್ಯಾತ್ಮ?” ಹನಿಯವ್ವ ಏದುಸಿರು ಬಿಟ್ಟಳು.

“ಗಾಬರಿ ಆಯ್ತವ್ವ.”

“ಮೊದ್ಲು ಮುಚ್ಚು. ಆಮೇಲೆ ಗಾಬರಿಯಾಗು.”

ಡೊಂಕಣ್ಣ ಮತ್ತೆ ಡೊಂಕಾದ. ಒಳಮುಖವಾಗಿ ಬಾಗಿದಾಗ ಅವನ ಮಡಿಲು ಒಳಗೆ ತೆರೆದು ಬೆನ್ನು ಹೊರಬಾಗಿಲನ್ನು ಮುಚ್ಚಿತು. ಮಡಿಲಿನಲ್ಲಿ ಮೂರು ಸಣ್ಣ ಗುಳಿ. ಮೂವರು ಕಡಲುಪ್ಪಿನವರು ಅಳತೆ ಕೊಟ್ಟು ಮಾಡಿಸಿದ ಹಾಗೆ ಅದರಲ್ಲಿ ಕೂತರು.

“ಇವರನ್ನ ಎತ್ತಿ ತಿರುಗೋಕೆ ಶಕ್ತಿ ಇಲ್ಲವ್ವ. ಹೊರಗೂ ಇವರದೇ ನೂಕುನುಗ್ಗಲು.”

ಹನಿಯವ್ವ ತನ್ನ ಊಟದಿಂದ ಒಂದು ತುತ್ತು ಮುರಿದು ಅವನ ಬಾಯಿಗಿಟ್ಟಳು.

ತುತ್ತು ಕಚ್ಚಿದೊಡನೆ ಡೊಂಕಣ್ಣನ ಮಡಿಕೆಗಳು ಸರಿದವು. ಮೊದಲು ಒಳಬಾಗಿಲು ಮುಚ್ಚಿತು. ಆಮೇಲೆ ಹೊರಬಾಗಿಲು ತೆರೆಯಿತು. ನಮ್ಮ ಮನೆಗಳಲ್ಲಿ ಮುಸ್ಸಂಜೆ ಹಿತ್ತಿಲ ಬಾಗಿಲು ಮುಚ್ಚಿದ ಮೇಲೆಯೇ ಮುಂಬಾಗಿಲಲ್ಲಿ ದೀಪ ಇಡುತ್ತಾರಲ್ಲ, ಹಾಗೆ. ಅಜ್ಜಿಯಂದಿರು ಅದಕ್ಕೆ ಲಕ್ಷ್ಮಿಯ ಕಾರಣ ಕೊಡುತ್ತಾರೆ. ಡೊಂಕಣ್ಣನ ಕಾರಣ ಅವ್ವ.

ಹೊರಗೆ ತಿರುಗಿದಾಗ ಗುಳಿಗಳ ಆಕಾರವೇ ಬದಲಾಯಿತು. “ಏ, ಏನಿದು, ಜಾರ್ತಿದೆ!” ಎನ್ನುತ್ತ ಮೂವರೂ ಹೊರಗೆ ಬಿದ್ದರು. ಈಗ ಇದ್ದದ್ದು ಎರಡು ಅಗಲವಾದ ಗುಳಿ. ಇಬ್ಬರು ಬಾಳೆಯುಪ್ಪಿನವರು ಬಂದು ಹಾಯಾಗಿ ಕೂತರು. ಡೊಂಕಣ್ಣ ಬಾಯಲ್ಲಿ ಉಳಿದಿದ್ದ ಚೂರನ್ನು ಉಗಿದ. ಹೊರಬಾಗಿಲು ಮುಚ್ಚಿತು, ಒಳಬಾಗಿಲು ತೆರೆಯಿತು, ಗುಳಿ ಮತ್ತೆ ಕಿರಿದಾಯಿತು. ಇಬ್ಬರೂ ಅವ್ವನ ಮನೆಯೊಳಗೆ ಜಾರಿದರು.

ಮೂವರು ಹೊರಗೆ, ಇಬ್ಬರು ಒಳಗೆ, ಒಂದು ತುತ್ತು. ಮತ್ತೆ ಮೂವರು ಹೊರಗೆ, ಇಬ್ಬರು ಒಳಗೆ, ಒಂದು ತುತ್ತು.

ಉಪ್ಪಿನ ಹಿಂದೆ ನೀರೂ ಹೊರಟಿತು. ಹನಿಯವ್ವನ ಮೈ ಸಡಿಲವಾಯಿತು.

“ಸಾಕಾ ಅವ್ವ?”

“ಬದುಕಿದೆ ಕಣೋ. ಆದ್ರೆ ಅಲ್ನೋಡು.” ಸಂದಿನಿಂದ ಒಬ್ಬ ಕಡಲುಪ್ಪಿನವನು ಹಲ್ಲು ಕಿರಿಯುತ್ತ ಒಳಗೆ ಬರುತ್ತಿದ್ದ.

“ಮತ್ತೆ ಬಂದ್ನಲ್ಲ! ಹಾಗಾದ್ರೆ ನಾನು ಮಲಗೋದು ಯಾವಾಗ?”

“ನೀನು ಮಲಗಿದ್ರೆ ನಾನಿರಲ್ಲ, ಮಗಾ.”

ಡೊಂಕಣ್ಣ ಯೋಚಿಸಿದ. “ತುತ್ತು?”

“ಪ್ರತಿ ಸಲಕ್ಕೂ ಒಂದು. ನಾನು ಉಪವಾಸ ಇದ್ರೂ ನಿನಗೆ ಕೊಡ್ತೀನಿ.”

“ಸರಿ,” ಎಂದು ಡೊಂಕಣ್ಣ ಬಾಗಿದ. ಆ ಕಾಲದಲ್ಲಿ ಮಾತು ಕೊಡುವುದಕ್ಕೆ ಅಷ್ಟು ಸಾಕಿತ್ತು. ನೆಟ್ಟಗೆ ನಿಲ್ಲು ಎಂದು ಅವನಿಗೆ ಮತ್ತೆ ಯಾರೂ ಹೇಳಲಿಲ್ಲ.

ಹನಿಯವ್ವ ಒಬ್ಬಳಿದ್ದವಳು ಇಬ್ಬರಾದಳು, ಇಬ್ಬರಿದ್ದವರು ನಾಲ್ವರಾದರು. ಹೋದಲ್ಲೆಲ್ಲ ಗೋಡೆಯಲ್ಲಿ ಡೊಂಕಣ್ಣಂದಿರನ್ನು ಕರೆದುಕೊಂಡೇ ಹೋದರು. ಮೀನಿನೊಳಗೆ, ಕಪ್ಪೆಯೊಳಗೆ, ಕೊನೆಗೆ ನಿನ್ನೊಳಗೆ.

ರಾತ್ರಿಯಿಡೀ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡದೆ ಬಿದ್ದುಕೊಂಡಿದ್ದ ನೀನು ಬೆಳಿಗ್ಗೆ ಕಣ್ಣು ಬಿಡುವ ಮೊದಲೇ “ಅಮ್ಮಾ, ಹಸಿವು” ಎನ್ನುವುದು ಅದಕ್ಕೇ: ನೀನು ಮಲಗಿದ್ದೆ, ಡೊಂಕಣ್ಣ ಮಲಗಿರಲಿಲ್ಲ.