ಕೆಂಪು ಕಾರಿನ ಗುಣಗಾನ

ದಾವಣಗೆರೆಯ ಬಟ್ಟೆ ವ್ಯಾಪಾರಿ ಮುರಿಗೆಪ್ಪನವರು ಕಡಿಮೆ ಬೆಲೆಯ ಸಣ್ಣ ಸೆಡಾನ್ ಕೊಳ್ಳಲು ಹೊರಟು, ಒಂದು ಕೆಂಪು, ಒಂದು ಬಿಳಿ, ಎರಡನ್ನೂ ತಮ್ಮ ಡ್ರೈವರನ ಕೈಲಿ ಓಡಿಸಿ, ಕೂತು ನೋಡಿ ಬಂದರು. ಕೆಂಪು ಕಾರು ರಸ್ತೆಯುಬ್ಬು ಸಿಕ್ಕಲ್ಲೆಲ್ಲ ಎತ್ತಿ ಕುಕ್ಕಿತ್ತು. ಆದರೂ ಅವರ ಮನಸ್ಸೆಲ್ಲ ಅದರ ಬಣ್ಣದ ಮೇಲೆ.

"ದಸ್ತಗೀರ್, ಅಮ್ಮಾವ್ರ ಮುಂದೆ ಕೆಂಪನ್ನೇ ಹೊಗಳಬೇಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡ" ಎಂದು ಡ್ರೈವರನಿಗೆ ಗದರಿದರು.

ಮನೆಯಲ್ಲಿ ಸಾಹುಕಾರರ ಹೆಂಡತಿ ಅಮ್ಮಾವ್ರು ಕೇಳಿದರು, "ಯಾವುದು ಚೆನ್ನಾಗಿ ಓಡುತ್ತಪ್ಪಾ?"

"ಕೆಂಪೇ, ಅಮ್ಮಾ. ಅದರಲ್ಲಿ ಸಾಹುಕಾರರು ದಾರಿಯುದ್ದಕ್ಕೂ ಎಚ್ಚರವಾಗಿದ್ದು, ಬ್ರೇಕ್ ಹಾಕು, ಗೇರ್ ಬದಲಿಸು ಅಂತ ಹೇಳ್ತಾನೇ ಇದ್ದರು. ಬಿಳೀದು ದಂಡ. ಹತ್ತಿದ ಕೂಡಲೇ ಗೊರಕೆ. ಒಂದು ಮಾತಿಲ್ಲ."

ಅಮ್ಮಾವ್ರ ಮುಖ ಅರಳಿತು. "ಬಿಳೀದೇ ಬರಲಿ!"

ಸಾಹುಕಾರರು ಹಲ್ಲು ಕಡಿಯುತ್ತ ಡ್ರೈವರನನ್ನು ನೋಡಿದರು.

ದಸ್ತಗೀರ್ ಕೈ ಕಟ್ಟಿ ನಿಂತು ಕೇಳಿದ, "ಹೊಗಳೋದ್ರಲ್ಲಿ ಏನಾದ್ರೂ ಕಡಿಮೆ ಆಯ್ತಾ, ಸಾಹುಕಾರ್ರೇ?"