ಕಳಚಲು ಬಾರದ ಪೆಂಡೇರ

"ಗುರುಗಳೇ, ಯೋಗ್ಯತೆ ಇಲ್ಲದವನನ್ನು ಹುಡುಕಿಕೊಂಡು ಬಿರುದು ಬಂದರೆ ಅವನು ಏನು ಮಾಡಬೇಕು?"

ಹೀಗೆ ಕೇಳಿದವನು ಮುರಿಗೆಯ್ಯನೆಂಬ ಶಿಷ್ಯ. ಮರುದಿನ ಅರಮನೆಯಲ್ಲಿ ಅವನಿಗೆ ಪಂಡಿತ ಪದವಿ ಕೊಟ್ಟು ಶಾಲು ಹೊದಿಸುವವರಿದ್ದರು. ಬೆಳಗಿನಿಂದ ಅವನಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಹಿಗ್ಗು ಎಷ್ಟಿತ್ತೋ ಅಂಜಿಕೆಯೂ ಅಷ್ಟೇ ಇತ್ತು. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು, ಮೊದಲು ಉಸಿರು ಬಿಡು ಎಂದು ನಕ್ಕರು, ಆಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ನಾಯಕನಿದ್ದ. ಅರಸರು ಕೊಟ್ಟ ಬಿರುದಿನ ಒಡವೆಗಳು ಮುತ್ತಾತನ ಕಾಲದಿಂದ ಅವನ ಮನೆಯಲ್ಲಿದ್ದವು. ರತ್ನದ ಪದಕ, ಪೇಟಕ್ಕೆ ಸಿಕ್ಕಿಸುವ ಮುತ್ತಿನ ತುರಾಯಿ, ಎಲ್ಲಕ್ಕಿಂತ ಮಿಗಿಲಾಗಿ ಗಂಡಪೆಂಡೇರ. ಗಂಡಪೆಂಡೇರವೆಂದರೆ ವೀರರು ಕಾಲಿಗೆ ತೊಡುವ ಬಳೆ. ಆ ಸೀಮೆಯಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಅದನ್ನು ತೊಟ್ಟ ಕಾಲನ್ನು ಯಾರಾದರೂ ಹಿಡಿದು ಮರೆ ಬೇಡಿದರೆ ತೊಟ್ಟವನು ಹಿಂದೆ ಸರಿಯುವಂತಿಲ್ಲ. ಕಾಲು ಹಿಡಿದವನು ಅರಸನ ಮುಂದೆ ನಿಲ್ಲುವ ತನಕ ಅವನನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ನಾಯಕ ತೀರಿಕೊಂಡ. ಮಕ್ಕಳಿರಲಿಲ್ಲ. ತುರಾಯಿ ಮಾತ್ರ ಅರಮನೆಗೆ ಮರಳಬೇಕು, ಉಳಿದದ್ದೆಲ್ಲ ಸೋದರಳಿಯನಿಗೆ ಎಂದಾಯಿತು. ಸೋದರಳಿಯ ಕತ್ತಿ, ಕೊಡೆ, ಪದಕ, ಪೆಂಡೇರಗಳನ್ನು ಅಂಗಳದಲ್ಲಿ ಹರಡಿ ಹರಾಜಿಗಿಟ್ಟ. ಊರಿಗೆ ಊರೇ ಮುಗಿಬಿತ್ತು. ಆ ಗುಂಪಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಹುಟ್ಟಿದಂದಿನಿಂದ ಯಾರೂ ಅವನನ್ನು ಕಂಡು ಎದ್ದು ನಿಂತವರಲ್ಲ. ಪೆಂಡೇರ ಕಣ್ಣಿಗೆ ಬಿದ್ದದ್ದೇ ಅವನು ಜನರನ್ನು ಸರಿಸಿ ಮುಂದೆ ನುಗ್ಗಿದ. ಒಬ್ಬರ ಕೂಗಿನ ಮೇಲೆ ಇವನು ಕೂಗಿದ, ಇವನ ಮೇಲೆ ಇನ್ನೊಬ್ಬರು ಕೂಗಿದರು, ಕೊನೆಗೆ ಇವನ ದನಿಯೊಂದೇ ಉಳಿಯಿತು.

ಮನೆ ಮುಟ್ಟುವಷ್ಟು ತಾಳ್ಮೆ ಅವನಿಗೆಲ್ಲಿ? ಅಲ್ಲೇ ಜಗಲಿಯ ಮೇಲೆ ಕೂತು ಕಾಲಿಗೆ ಏರಿಸಿದ. ನಾಯಕನದು ಕುದುರೆ ಸವಾರಿಯಲ್ಲಿ ಸವೆದ ಸಣ್ಣ ಕಾಲು, ಕೂತು ವ್ಯಾಪಾರ ಮಾಡುವ ಇವನದು ದಪ್ಪ ಕಾಲು. ಹರಳೆಣ್ಣೆ ಸವರಿ, ಹಲ್ಲು ಕಚ್ಚಿ ತಳ್ಳಿದ ಮೇಲೆ ಪೆಂಡೇರ ಹಿಡಿದು ಕೂತಿತು. ಎದ್ದು ನಡೆದ. ಒಳಗಿನ ಹರಳುಗಳು ಝಲ್ಲೆಂದವು. ಆ ಸದ್ದಿಗೆ ಪೇಟೆಯ ಜನ ಹಳೆಯ ಅಭ್ಯಾಸದಿಂದ ಎದ್ದು ನಿಂತರು. ವರ್ತಕನಿಗೆ ನೆಲವೇ ಕಾಣಲಿಲ್ಲ. ಹೋದ ಬೀದಿಯಲ್ಲೇ ಮತ್ತೆ ಬಂದ. ಎಲೆಯಡಿಕೆಯ ಚೀಲದಲ್ಲಿ ಸುಣ್ಣವಿದ್ದರೂ ಸುಣ್ಣ ತರುವ ನೆಪದಲ್ಲಿ ಇನ್ನೊಮ್ಮೆ ಹೋದ.

ಅಷ್ಟರಲ್ಲಿ ನಾಯಕನ ಅಂಗಳದಲ್ಲಿ ಗುಲ್ಲೆದ್ದಿತು. ಅರಮನೆಗೆ ಮರಳಬೇಕಾದ ತುರಾಯಿ ಕಾಣೆಯಾಗಿತ್ತು. ನಾಯಕನ ಕುದುರೆ ನೋಡಿಕೊಳ್ಳುತ್ತಿದ್ದವನೇ ಕದ್ದನೆಂದು ಸೋದರಳಿಯ ಕೂಗೆಬ್ಬಿಸಿದ. ಹಿಡಿದು ಅವನ ಕೈ ಕಡಿಯಿರೆಂದು ಆಳುಗಳನ್ನು ಅಟ್ಟಿದ. ಕುದುರೆಯವನು ಜೀವ ಕೈಯಲ್ಲಿ ಹಿಡಿದುಕೊಂಡು ಪೇಟೆಗೆ ಓಡಿದ. ವರ್ಷಗಟ್ಟಲೆ ಕೇಳಿದ ಸದ್ದು ಅವನ ಕಿವಿಗೆ ಬಿತ್ತು. ಯಾರ ಕಾಲೆಂದು ಮುಖ ಎತ್ತಿ ನೋಡಲಿಲ್ಲ. ಹೋಗಿ ತೆಕ್ಕೆಬಿದ್ದ.

"ಕಾಲು ಹಿಡಿದಿದ್ದೇನೆ ಒಡೆಯರೇ, ಕೈ ಬಿಡಬೇಡಿ" ಎಂದ.

ವರ್ತಕ ತಲೆ ಎತ್ತಿ ನೋಡಿದ. ಎದುರಿಗೆ ಕತ್ತಿ ಹಿರಿದ ಆಳುಗಳು. ಅಲ್ಲಿಂದ ಕಾಲು ಕೀಳೋಣವೆಂದರೆ ಕಾಲಿಗೆ ಮನುಷ್ಯನೇ ಅಂಟಿಕೊಂಡಿದ್ದಾನೆ. ಪೆಂಡೇರವನ್ನಾದರೂ ಕಿತ್ತು ಬಿಸಾಡೋಣವೆಂದು ಬಗ್ಗಿ ಎಳೆದ. ಎಣ್ಣೆ ಆರಿತ್ತು, ಕಾಲು ಊದಿತ್ತು, ಅದು ಕದಲಲಿಲ್ಲ. ಕಾಲು ಗಡಗಡ ನಡುಗತೊಡಗಿತು. ನಡುಗಿದಷ್ಟೂ ಪೆಂಡೇರ ಝಲ್ ಝಲ್ಲೆಂದಿತು. ನಾಯಕ ರೇಗಿ ನೆಲಕ್ಕೆ ಕಾಲು ಅಪ್ಪಳಿಸಿದಾಗ ಕೇಳುತ್ತಿದ್ದದ್ದೂ ಅದೇ ಸದ್ದು. ಆಳುಗಳು ನಿಂತರು. ಅವರಲ್ಲಿ ಹಿರಿಯವನು ಕತ್ತಿಯನ್ನು ಒರೆಗೆ ಸೇರಿಸಿದ. ಉಳಿದವರೂ ಸೇರಿಸಿದರು.

ಕಟ್ಟಳೆಯಂತೆ ಕುದುರೆಯವನು ಅರಸನ ಮುಂದೆ ನಿಂತ. ವರ್ತಕನೂ ನಿಂತ, ಅವನು ಕಾಲು ಬಿಟ್ಟರೆ ತಾನೆ ಇವನು ಮನೆಗೆ ಹೋಗುವುದು. ಅರಸ ಹುಡುಕಿಸಿದಾಗ ತುರಾಯಿ ಸೋದರಳಿಯನ ಪೆಟ್ಟಿಗೆಯಲ್ಲೇ ಸಿಕ್ಕಿತು. ಅರಮನೆಗೆ ಕೊಡದೆ ನುಂಗಿಹಾಕಲು ಅವನೇ ಕಳವಿನ ಮಾತು ಹುಟ್ಟಿಸಿದ್ದ. ಕುದುರೆಯವನ ಕೈ ಉಳಿಯಿತು. ಸಭೆಗೆ ಸಭೆಯೇ ವರ್ತಕನಿಗೆ ಜಯಕಾರ ಹಾಕಿತು. ವರ್ತಕ ಮಾತ್ರ ಅತ್ತುಬಿಟ್ಟ.

"ನಾನು ಕಾಪಾಡಲಿಲ್ಲ ಪ್ರಭು. ಇದು ಕಳಚಿದ್ದರೆ ಅಲ್ಲೇ ಬಿಸಾಡಿ ಓಡುತ್ತಿದ್ದೆ" ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿ ಎಲೆಯಡಿಕೆಯ ಕಡೆ ಕೈ ಚಾಚಿದರು. ಮುರಿಗೆಯ್ಯನಿಗೆ ತಡೆಯಲಾಗಲಿಲ್ಲ. ಅರಸ ಪೆಂಡೇರವನ್ನು ಅವನ ಕಾಲಿನಲ್ಲೇ ಉಳಿಸಿದನೇ, ಇಲ್ಲವೇ? ಅಷ್ಟಕ್ಕೂ ಆ ವರ್ತಕ ಅದಕ್ಕೆ ಯೋಗ್ಯನೋ ಅಲ್ಲವೋ? ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದ.

ಗುರುಗಳು ಎಂದರು: "ತೊಟ್ಟವನನ್ನು, ಕೊಟ್ಟವನನ್ನು ಕೇಳಿ ಏನು ಫಲ ಮುರಿಗೆಯ್ಯ, ಕಾಲು ಹಿಡಿದವನನ್ನು ಕೇಳು."